ತಾತನ ಜೋಕಿಗೆ ಮೊಮ್ಮಗಳು ಯಾಕೆ ನಗಲ್ಲ? ಬೆಂಗಳೂರಿನ ಕನ್ನಡ ಹಾಸ್ಯ ನಡೆದು ಬಂದ ದಾರಿ

ಮದುವೆ ಮನೆಗಳ ಊಟದ ಪಂಕ್ತಿಯಲ್ಲಿ ಈಗ ಒಂದು ಮಾತು ಆಗಾಗ ಕೇಳಿಸುತ್ತದೆ. 'ಈಗಿನ ಹುಡುಗರ ಜತೆ ತಮಾಷೆ ಮಾಡೋ ಹಾಗೇ ಇಲ್ಲಪ್ಪ, ಎಲ್ಲದಕ್ಕೂ ಮುಖ ಊದಿಸ್ಕೋತಾರೆ' ಅಂತ ಅರವತ್ತು ದಾಟಿದವರು ಹೇಳುತ್ತಾರೆ. ಎದುರು ಸಾಲಿನಲ್ಲಿ ಕೂತ ಇಪ್ಪತ್ತರ ಹುಡುಗಿಯ ದೂರು ಬೇರೆ. ಹೆಂಡತಿ ಕಾಟ, ಅತ್ತೆ ಕಾಟ, ಕಪ್ಪು ಹುಡುಗಿ, ದಪ್ಪ ಹುಡುಗ, ಇದರಲ್ಲೆಲ್ಲ ನಗೋಕೆ ಏನಿದೆ ಅನ್ನೋದು ಅವಳ ಪ್ರಶ್ನೆ. ಅವಳು ಫೋನಿನಲ್ಲಿ ನೋಡಿ ಬಿದ್ದು ಬಿದ್ದು ನಗುವ ಮೂವತ್ತು ಸೆಕೆಂಡಿನ ವಿಡಿಯೊದಲ್ಲಿ ಏನಾಯಿತು ಅನ್ನೋದೇ ತಾತನಿಗೆ ತಿಳಿಯುವುದಿಲ್ಲ.

ಕೊನೆಗೆ ಇಬ್ಬರೂ ಒಂದೇ ತೀರ್ಮಾನಕ್ಕೆ ಬರುತ್ತಾರೆ. ಆ ಕಡೆಯವರಿಗೆ ಹಾಸ್ಯಪ್ರಜ್ಞೆ ಇಲ್ಲ ಅಂತ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಬೆಂಗಳೂರಿನ ಕನ್ನಡ ಹಾಸ್ಯದ ನೂರು ವರ್ಷವನ್ನು ಒಟ್ಟಿಗೆ ನೋಡಿದರೆ ಜನ ನಗುವುದನ್ನು ಯಾವಾಗಲೂ ಬಿಟ್ಟಿಲ್ಲ. ಆದರೆ ಕೇಳುವವರ ಸಾಲಿನಲ್ಲಿ ಯಾರು ಕೂತಿದ್ದಾರೆ ಅನ್ನೋದು ಮತ್ತೆ ಮತ್ತೆ ಬದಲಾಗಿದೆ. ಮೊದಲು ಆ ಸಾಲಿನಲ್ಲಿ ಜಾಗವೇ ಇಲ್ಲದವರು ಆಮೇಲೆ ಬಂದು ಕೂತಿದ್ದಾರೆ. ಅವರು ಬಂದಾಗಲೆಲ್ಲ ಒಂದಿಷ್ಟು ಜೋಕು ಹಳಸಿವೆ, ಒಂದಿಷ್ಟು ಹೊಸದಾಗಿ ಹುಟ್ಟಿವೆ.

ಪಡಸಾಲೆಯ ನಗು

ಬೆಂಗಳೂರಿನಲ್ಲಿ ಹವ್ಯಾಸಿ ನಾಟಕದವರ ಅಮೆಚ್ಯೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಶುರುವಾಗಿದ್ದು 1909ರಲ್ಲಿ. ಆ ಹೊತ್ತಿಗೆ ನಾಟಕ ಅಂದರೆ ಕಂಪನಿ ನಾಟಕ. ಪುರಾಣದ ಕತೆ, ಉದ್ದುದ್ದ ಹಾಡು, ನಡುನಡುವೆ ಹಾಸ್ಯದ ತುಣುಕು. ಅದಕ್ಕೂ ಹಿಂದಿನ ಬಯಲಾಟದಲ್ಲಿ ಕೋಡಂಗಿ ಇದ್ದ. ರಾಜನ ವೇಷದವನ ಎದುರೇ ನಿಂತು ಅವನನ್ನು ರೇಗಿಸುವ ಸಲಿಗೆ ಅವನಿಗಿತ್ತು. ಹಾಸ್ಯಗಾರನ ಬೆಲೆ ನಮ್ಮವರಿಗೆ ಚೆನ್ನಾಗಿ ಗೊತ್ತಿತ್ತು. ಗುಬ್ಬಿ ವೀರಣ್ಣ ಅಷ್ಟು ದೊಡ್ಡ ಕಂಪನಿಯ ಒಡೆಯರು. ಆದರೂ ಜನ ಅವರನ್ನು ನೆನೆಯುತ್ತಿದ್ದುದು 'ಸದಾರಮೆ' ನಾಟಕದ ಕಳ್ಳನ ಪಾತ್ರಕ್ಕೆ.

ಈ ರಂಗದ ಮೇಲಿಂದ ರಾಜ ರಾಣಿಯರನ್ನು ಇಳಿಸಿ ಬೆಂಗಳೂರಿನ ಒಂದು ಮನೆಯ ಪಡಸಾಲೆಯನ್ನು ತಂದಿಟ್ಟವರು ಟಿ.ಪಿ. ಕೈಲಾಸಂ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು, ನ್ಯಾಯಾಧೀಶರ ಮಗ. ಅವರ ನಾಟಕಗಳಲ್ಲಿ ಗುಮಾಸ್ತರಿದ್ದರು, ವಕೀಲರಿದ್ದರು, ಇಂಗ್ಲಿಷ್ ಓದಿದ ಮಕ್ಕಳಿದ್ದರು. ಅವರೆಲ್ಲ ಮಾತಾಡುತ್ತಿದ್ದುದು ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಮನೆಯಲ್ಲಿ ನಿಜಕ್ಕೂ ಆಡುತ್ತಿದ್ದ ಮಾತು ಅದೇ. 'ಟೊಳ್ಳುಗಟ್ಟಿ' ನಾಟಕದ ತಿರುಳು ನೋಡಿ. ಪರೀಕ್ಷೆಯಲ್ಲಿ ಮೇಲೆ ಬರುವ ಮಗ ಒಬ್ಬ, ಮನುಷ್ಯತ್ವದಲ್ಲಿ ಮೇಲಿರುವ ಮಗ ಇನ್ನೊಬ್ಬ. ಪರೀಕ್ಷೆಯ ಅಂಕಗಳ ಹುಚ್ಚು ಹಿಡಿದ ಅಪ್ಪನನ್ನು ಕೈಲಾಸಂ ಸುಮಾರು ನೂರು ವರ್ಷದ ಹಿಂದೆಯೇ ರಂಗದ ಮೇಲೆ ನಿಲ್ಲಿಸಿ ನಗಿಸಿದ್ದರು. ಆ ಅಪ್ಪ ಇವತ್ತಿಗೂ ಕೋಚಿಂಗ್ ಕ್ಲಾಸಿನ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದಾನೆ, ಅಲ್ವಾ?

ಆ ನಗುವಿಗೆ ಒಂದು ಅನುಕೂಲ ಇತ್ತು. 1941ರಲ್ಲಿ ಪೇಟೆ, ದಂಡು (ಕಂಟೋನ್ಮೆಂಟ್) ಎರಡೂ ಸೇರಿ ಬೆಂಗಳೂರಿನ ಜನ ಸುಮಾರು 4 ಲಕ್ಷ. ಅದರಲ್ಲಿ ಹವ್ಯಾಸಿ ನಾಟಕಕ್ಕೆ ಟಿಕೆಟ್ ತೆಗೆದುಕೊಳ್ಳುವವರು ಓದು ಬರಹ, ಸರ್ಕಾರಿ ಕೆಲಸ ಇದ್ದ ಒಂದು ಸಣ್ಣ ವರ್ಗ. ರಂಗದ ಮೇಲಿನ ಗುಮಾಸ್ತನೂ ಮೂರನೇ ಸಾಲಿನ ಗುಮಾಸ್ತನೂ ಒಂದೇ ಕಚೇರಿಯವರಂತೆ ಇರುತ್ತಿದ್ದರು. ಏನನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಾಲೆಳೆದರೂ ಅದು ಮನೆಯವರೇ ಎಳೆದ ಹಾಗೆ. ಆದರೆ ಆ ನಾಟಕಗಳಲ್ಲಿ ನಗೆಪಾಟಲಾಗುತ್ತಿದ್ದ ಅಡುಗೆಯವನು, ಕೆಲಸದವಳು ಆ ಸಾಲಿನಲ್ಲಿ ಇರಲಿಲ್ಲ. ಅವರಿಗೆ ಹೇಗನ್ನಿಸುತ್ತಿತ್ತು ಅಂತ ಯಾರೂ ಬರೆದಿಡಲಿಲ್ಲ. ಕೈಲಾಸಂ ಅವರ ಕಣ್ಣು ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. 'ಬಹಿಷ್ಕಾರ'ದಂಥ ನಾಟಕದಲ್ಲಿ ಜಾತಿಯಿಂದ ಹೊರಗೆ ಹಾಕುವ ಕ್ರೌರ್ಯವನ್ನೇ ಅವರು ಎತ್ತಿಕೊಂಡರು. ನಗಿಸುವವನಿಗೆ ಅಳುವೂ ಗೊತ್ತಿತ್ತು.

ಇಲ್ಲೇ ಒಂದು ಪಕ್ಕದ ಮಾತು. ಮೊದಲ ಮಹಾಯುದ್ಧದ ಇಂಗ್ಲಿಷ್ ಸೈನಿಕರು ಹಾಡುತ್ತಿದ್ದ ಟಿಪ್ಪರೇರಿಯ ಹಾಡು 1912ರದು. ಕೈಲಾಸಂ ಅದರ ಧಾಟಿಗೆ ತಿಪ್ಪಾರಳ್ಳಿಯ ಹಾಡು ಕಟ್ಟಿದರು. ಐರ್ಲೆಂಡಿನ ಊರು ನಮ್ಮ ಕಡೆಯ ಹಳ್ಳಿಯಾಯಿತು. 2023ರಲ್ಲಿ ವಿಕ್ಕಿಪೀಡಿಯಾ ಅನ್ನೋ ಹೆಸರಿನಲ್ಲಿ ವಿಡಿಯೊ ಮಾಡುವ ಹುಡುಗರು ಬಾರ್ಬಿ ಹಾಡಿನ ಧಾಟಿಗೆ 'ನಾನು ನಂದಿನಿ' ಕಟ್ಟಿದರು. ಊರು ಬಿಟ್ಟು ಬೆಂಗಳೂರಿಗೆ ಬಂದು ಪಿ.ಜಿ.ಯಲ್ಲಿ ಇರುವ ಹುಡುಗಿಯ ಪಾಡು ಅದು. ನಾಡಿನ ಮಕ್ಕಳೆಲ್ಲ ಅದನ್ನು ಹಾಡಿಕೊಂಡು ತಿರುಗಿದರು. ಪರದೇಶದ ಜನಪ್ರಿಯ ಧಾಟಿ, ನಮ್ಮೂರಿನ ಸಂಗತಿ, ಮನೆಮಾತು. ತಂತ್ರ ಎರಡರಲ್ಲೂ ಒಂದೇ. ಹೊಸಬರ ಹಾಸ್ಯಕ್ಕೆ ಬೇರುಗಳೇ ಇಲ್ಲ ಅನ್ನುವ ಹಿರಿಯರು ಈ ಎರಡು ಹಾಡನ್ನೂ ಒಂದಾದ ಮೇಲೆ ಒಂದು ಕೇಳಬೇಕು ಅನ್ನೋದು ನನ್ನ ಆಸೆ.

ಕೊರವಂಜಿ ಓದಿದವರು

'ಕೊರವಂಜಿ' ಮಾಸಪತ್ರಿಕೆ ಬಂದಿದ್ದು 1942ರಲ್ಲಿ. ಹೊರಗೆ ಮಹಾಯುದ್ಧ, ಒಳಗೆ ಕ್ವಿಟ್ ಇಂಡಿಯಾ ಚಳವಳಿ. ಅಂಥ ಹೊತ್ತಿನಲ್ಲಿ ನಗೆಗೆಂದೇ ಒಂದು ಪತ್ರಿಕೆ ತೆಗೆದವರು ಡಾ. ಎಂ. ಶಿವರಾಂ. 'ರಾಶಿ' ಅನ್ನೋದು ಅವರ ಬರಹದ ಹೆಸರು. ವೈದ್ಯರಾಗಿದ್ದರು. ಮನಸ್ಸಿನ ಕಾಯಿಲೆಗಳ ಬಗ್ಗೆ ಆಳವಾಗಿ ಓದಿಕೊಂಡಿದ್ದರು. ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಜನ ಯಾಕೆ ನರಳುತ್ತಾರೆ ಅಂತ ದಿನಾ ನೋಡುತ್ತಿದ್ದ ಮನುಷ್ಯ ನಗೆಯ ಪತ್ರಿಕೆ ನಡೆಸಿದರು ಅನ್ನೋದು ನನಗೆ ತುಂಬ ಇಷ್ಟವಾದ ಸಂಗತಿ.

ಪತ್ರಿಕೆ 25 ವರ್ಷ ನಡೆದು 1967ರಲ್ಲಿ ನಿಂತಿತು. ಆರ್.ಕೆ. ಲಕ್ಷ್ಮಣ್ ಮುಂಬೈಗೆ ಹೋಗಿ ದೇಶಕ್ಕೆಲ್ಲ ಗೊತ್ತಾಗುವ ಮೊದಲು ಅವರ ಗೆರೆಗಳನ್ನು ಕನ್ನಡದವರು ನೋಡಿದ್ದು ಕೊರವಂಜಿಯಲ್ಲಿ. ನಾ. ಕಸ್ತೂರಿ ಅಲ್ಲಿ ಬರೆದರು. ಅವರ 'ಅನರ್ಥಕೋಶ' ಅಂದರೆ ತಲೆಕೆಳಗಾದ ನಿಘಂಟು. ಗಂಭೀರವಾದ ಪದ ತೆಗೆದುಕೊಂಡು ಅದನ್ನು ಮುರಿದು ನಗೆಯ ಅರ್ಥ ಕೊಡುವುದು. ಆ ನಗು ಬರಬೇಕಾದರೆ ಓದುವವನಿಗೆ ಮೂಲ ಪದ ಗೊತ್ತಿರಬೇಕು, ಅದರೊಳಗಿನ ಸಂಧಿ ಸಮಾಸ ತಿಳಿದಿರಬೇಕು. ಆಮೇಲೆ ಪತ್ರಕರ್ತ ವೈಎನ್ಕೆ ಪದಗಳ ಜತೆ ಆಡಿದ ಆಟವೂ ಅದೇ ಜಾತಿಯದು. ಅವರು ಇಂಗ್ಲಿಷನ್ನೂ ಆಟಕ್ಕೆ ಸೇರಿಸಿಕೊಂಡರು.

ಈ ಬಗೆಯ ಹಾಸ್ಯ ಈಗ ಯಾಕೆ ಕಡಿಮೆಯಾಯಿತು ಅನ್ನೋದಕ್ಕೆ ಸರಳ ಕಾರಣ ಇದೆ. ಬೆಂಗಳೂರಿನ ಎಷ್ಟೋ ಕನ್ನಡ ಮನೆಗಳ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದುವುದಿಲ್ಲ. ಓದಿದರೂ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದುತ್ತಾರೆ. ಪದ ಮುರಿದರೆ ಮುರಿದದ್ದು ಗೊತ್ತಾಗಬೇಕಲ್ಲ? ಇದನ್ನು ಆ ಮಕ್ಕಳ ತಪ್ಪು ಅನ್ನಲಾರೆ. ಶಾಲೆ ಆಯ್ಕೆ ಮಾಡಿದವರು ನಾವು. ಆದರೆ ಆಗಿದ್ದು ದೊಡ್ಡ ನಷ್ಟ. ಕೊರವಂಜಿಯ ಉಸಿರನ್ನು 'ಅಪರಂಜಿ' ಅನ್ನೋ ಪತ್ರಿಕೆ 1980ರ ದಶಕದಿಂದ ಮುಂದುವರಿಸಿತು ಅನ್ನೋದು ಸಮಾಧಾನದ ವಿಷಯ.

ಕೊರವಂಜಿ ಇನ್ನೊಂದು ಕೆಲಸ ಮಾಡಿತು. ಟಿ. ಸುನಂದಮ್ಮ ಅನ್ನೋ ಲೇಖಕಿಗೆ ಜಾಗ ಕೊಟ್ಟಿತು. ಕನ್ನಡದಲ್ಲಿ ಹಾಸ್ಯವನ್ನೇ ತಮ್ಮ ಕ್ಷೇತ್ರ ಮಾಡಿಕೊಂಡ ಮೊದಲ ಮಹಿಳೆ ಅವರು. ಗಂಡಸರು ಬರೆದ ನಗೆಬರಹದಲ್ಲಿ ಹೆಂಡತಿ ಅಂದರೆ ಸೀರೆ ಕೇಳುವವಳು, ತವರಿಗೆ ಹೊರಟು ನಿಲ್ಲುವವಳು. ಸುನಂದಮ್ಮನವರಲ್ಲಿ ಅದೇ ಮನೆ, ಅದೇ ಸಂಸಾರ, ಆದರೆ ಕತೆ ಹೇಳುತ್ತಿರುವವಳು ಹೆಂಗಸು. ಗಂಡನ ಜಂಬ, ನೆಂಟರ ಉಪಚಾರ, ಮಹಿಳಾ ಸಮಾಜದ ಸಭೆ ಎಲ್ಲವನ್ನೂ ಅವಳು ನೋಡಿ ನಗುತ್ತಿದ್ದಾಳೆ. ಇದು ಎಪ್ಪತ್ತು ಎಂಬತ್ತು ವರ್ಷದ ಹಿಂದಿನ ಮಾತು. ಇಷ್ಟಾದರೂ ಹೆಂಡತಿ ಜೋಕು ಸಾಯಲಿಲ್ಲ. ಸಿನಿಮಾಕ್ಕೆ ಹೋಯಿತು, ಹಾಸ್ಯೋತ್ಸವದ ವೇದಿಕೆಗೆ ಹತ್ತಿತು, ವಾಟ್ಸಾಪಿಗೆ ಬಂತು. ಮನೆಗಳಲ್ಲಿ ಹೆಂಗಸರ ಸಂಬಳವೂ ಸೇರಿ ಕಂತು ಕಟ್ಟುವ ಕಾಲ ಬಂದ ಮೇಲೆ ಅದು ತೂಕ ಕಳೆದುಕೊಂಡಿತು. 'ದುಡ್ಡು ಖರ್ಚು ಮಾಡ್ತಾಳೆ' ಅನ್ನೋ ಜೋಕಿಗೆ, ಆ ದುಡ್ಡು ಅವಳದೇ ಆಗಿದ್ದಾಗ, ನಗೋದು ಹೇಗೆ?

ಹೆಸರು ಹಿಡಿದು ಬೈದ ಕಾಲ

ಬೀಚಿ ಬಂದಿದ್ದು ಬೇರೆ ದಿಕ್ಕಿನಿಂದ. ಹರಪನಹಳ್ಳಿಯ ರಾಯಸಂ ಭೀಮಸೇನರಾವ್, ಪೊಲೀಸ್ ಇಲಾಖೆಯಲ್ಲಿ ಕೆಲಸ. ಬೆಂಗಳೂರಿನ ಪಡಸಾಲೆಯ ಮೃದು ಹಾಸ್ಯ ಅವರದಲ್ಲ. ಅವರು ಸೃಷ್ಟಿಸಿದ ತಿಂಮ ಅನ್ನೋ ಪಾತ್ರ ಪೆದ್ದನ ಹಾಗೆ ಕಂಡು ದೊಡ್ಡವರ ಸೋಗನ್ನು ಕಳಚುತ್ತಿತ್ತು. ದೇವರು, ಮಠ, ಮದುವೆ, ಮಂತ್ರಿ ಯಾವುದನ್ನೂ ಬಿಡಲಿಲ್ಲ. 1965ರಲ್ಲಿ 'ಸುಧಾ' ವಾರಪತ್ರಿಕೆ ಬಂದ ಮೇಲೆ ಓದುಗರ ಪ್ರಶ್ನೆಗಳಿಗೆ ಅವರು ಕೊಡುತ್ತಿದ್ದ ಒಂದು ಸಾಲಿನ ಉತ್ತರಗಳಿಗಾಗಿ ಪತ್ರಿಕೆಯನ್ನು ಹಿಂದಿನಿಂದ ತೆರೆಯುವವರಿದ್ದರು. 1956ರಲ್ಲಿ ಕನ್ನಡ ನಾಡು ಒಂದಾಗಿತ್ತು. ಹಳೇ ಮೈಸೂರಿನ ಓದುಗರು ಬಳ್ಳಾರಿ ಸೀಮೆಯ ಒರಟು ಮಾತಿಗೆ ನಗುವುದನ್ನು ಕಲಿತರು.

ಆದರೆ ಅಧಿಕಾರದಲ್ಲಿ ಇದ್ದವರನ್ನು ಎದುರು ನಿಲ್ಲಿಸಿಕೊಂಡು ನಗಿಸಿದ್ದರಲ್ಲಿ ಮಾಸ್ಟರ್ ಹಿರಣ್ಣಯ್ಯ ಅವರಿಗೆ ಸಾಟಿ ಇಲ್ಲ. ತಂದೆ ಕೆ. ಹಿರಣ್ಣಯ್ಯ ಕಟ್ಟಿದ ಮಿತ್ರಮಂಡಳಿಯನ್ನು ಮುಂದುವರಿಸಿದರು. ಅವರ 'ಲಂಚಾವತಾರ' ಸಾವಿರಾರು ಪ್ರದರ್ಶನ ಕಂಡಿತು. ನಾಟಕದ ಹಂದರ ಒಂದೇ, ಆದರೆ ಮಾತು ದಿನಾ ಹೊಸದು. ಬೆಳಗ್ಗೆ ಪೇಪರಿನಲ್ಲಿ ಬಂದ ಹಗರಣ ಸಂಜೆ ರಂಗದ ಮೇಲೆ ಇರುತ್ತಿತ್ತು. ನಾಟಕ ನಿಲ್ಲಿಸಿ, ಪಾತ್ರ ಬಿಟ್ಟು, ಜನರ ಕಡೆ ತಿರುಗಿ ಮಂತ್ರಿಗಳ ಬಗ್ಗೆ ಮಾತಾಡುತ್ತಿದ್ದರು. ಜನ ನಗುತ್ತಿದ್ದರು, ಆ ನಗುವಿನಲ್ಲಿ ಸಿಟ್ಟೂ ಇರುತ್ತಿತ್ತು. ಕಚೇರಿಯಲ್ಲಿ ಫೈಲು ಮುಂದೆ ಹೋಗಬೇಕಾದರೆ ಕೈ ಬಿಸಿ ಮಾಡಬೇಕು ಅನ್ನೋ ಅವಮಾನ ಅಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತಿತ್ತು. ಲಂಚ ಕೊಟ್ಟವನೂ ಅಲ್ಲಿದ್ದ, ತೆಗೆದುಕೊಂಡವನೂ ಅಲ್ಲಿದ್ದ. ಅವರು 2019ರಲ್ಲಿ ತೀರಿಕೊಂಡರು.

1980ರಲ್ಲಿ 'ಲಂಕೇಶ್ ಪತ್ರಿಕೆ' ಶುರುವಾದಾಗ ಮುಖ್ಯಮಂತ್ರಿ ಆಗಿದ್ದವರು ಗುಂಡೂರಾವ್. ಪತ್ರಿಕೆ ಅವರನ್ನು 'ಗುಂ' ಅಂತ ಒಂದೇ ಅಕ್ಷರಕ್ಕೆ ಇಳಿಸಿತು. ಬಂಗಾರಪ್ಪ 'ಬಂ' ಆದರು. ಬಸ್ ನಿಲ್ದಾಣದ ಅಂಗಡಿಯಲ್ಲಿ ಪತ್ರಿಕೆ ಕೊಳ್ಳುವ ಸಾಮಾನ್ಯ ಮನುಷ್ಯನ ಬಾಯಲ್ಲಿ ನಾಡಿನ ಅತಿ ದೊಡ್ಡ ಅಧಿಕಾರದ ಹೆಸರು ಆ ಒಂದಕ್ಷರವಾಗಿ ಓಡಾಡಿತು. ನಾಯಕರ ಬಗ್ಗೆ ಇದ್ದ ಭಯ ಇಂಥ ಚೇಷ್ಟೆಯಿಂದ ಎಷ್ಟು ಕಡಿಮೆಯಾಗುತ್ತದೆ ಅನ್ನೋದನ್ನು ಆ ಕಾಲ ನೋಡಿದವರನ್ನು ಕೇಳಬೇಕು.

ಇದೇ ಹೊತ್ತಿಗೆ ಕ್ಯಾಸೆಟ್ ಬಂತು. ಗುರುರಾಜುಲು ನಾಯ್ಡು ಅವರ ಹರಿಕತೆ, ಅದರೊಳಗಿನ ಉಪಕತೆಗಳ ನಗೆ ರಾಮನವಮಿ ಪೆಂಡಾಲಿನಿಂದ ಹೊರಟು ಟೇಪ್ ರೆಕಾರ್ಡರಿಗೆ ಬಂತು. ಧೀರೇಂದ್ರ ಗೋಪಾಲ್ ರಾಜಕೀಯವನ್ನೇ ಕ್ಯಾಸೆಟ್ಟಿನಲ್ಲಿ ನಗೆ ಮಾಡಿದರು. ಹಾಸ್ಯ ಕೇಳೋಕೆ ಸಭಾಂಗಣಕ್ಕೆ ಹೋಗಬೇಕಾದ ಅಗತ್ಯ ಇಲ್ಲವಾಯಿತು. ಓದು ಬರದವರಿಗೂ ಅದು ಸಿಕ್ಕಿತು. ಕೇಳುವವರ ಸಾಲು ಅಲ್ಲಿಂದ ನಿಜಕ್ಕೂ ಉದ್ದವಾಯಿತು.

ಮೈ, ಮಾತು, ವಠಾರ

ಸಿನಿಮಾದ ಕತೆ ಸ್ವಲ್ಪ ಬೇರೆ. ಅಲ್ಲಿ ನಗು ಬಹಳ ಕಾಲ ಮೈಗೆ ಅಂಟಿಕೊಂಡಿತ್ತು. 1954ರ 'ಬೇಡರ ಕಣ್ಣಪ್ಪ'ದಿಂದ ಶುರುಮಾಡಿ ನರಸಿಂಹರಾಜು ಕನ್ನಡಿಗರನ್ನು ಇಪ್ಪತ್ತೈದು ವರ್ಷ ನಗಿಸಿದರು. ಅವರ ಸಣಕಲು ದೇಹ, ಹಲ್ಲು, ಓಡುವ ರೀತಿ ಎಲ್ಲವೂ ನಗೆಯ ಸಾಮಾನು. ಅವರು ದೊಡ್ಡ ಕಲಾವಿದ, ತಮ್ಮ ಮೈಯನ್ನೇ ವಾದ್ಯದ ಹಾಗೆ ನುಡಿಸಿದವರು. ತೊಂದರೆ ಅವರ ನಂತರ ಬಂದ ಎಷ್ಟೋ ಚಿತ್ರಗಳದು. ತೊದಲುವವನು, ಕಿವಿ ಕೇಳದವನು, ಮೆಳ್ಳಗಣ್ಣಿನವನು, ದಪ್ಪನೆಯ ಹೆಂಗಸು, ಹೆಣ್ಣಿನ ನಡಿಗೆಯ ಗಂಡಸು, ಇವರು ತೆರೆ ಮೇಲೆ ಬಂದರೆ ಸಾಕು, ನಗಬೇಕು. ಬೇರೆ ಸಂಭಾಷಣೆಯೇ ಬೇಕಾಗಿರಲಿಲ್ಲ.

ಇದರ ನಡುವೆ ಬಾಲಕೃಷ್ಣ ಅವರ ಉದಾಹರಣೆ ನನ್ನನ್ನು ಬಹಳ ಕಾಡುತ್ತದೆ. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನ ನಟರ ತುಟಿಯ ಚಲನೆ ನೋಡಿಕೊಂಡು ತಮ್ಮ ಮಾತು ಹೇಳುತ್ತಿದ್ದರು. ಆದರೂ ಅವರ ಸಮಯಪ್ರಜ್ಞೆ ಎಲ್ಲೂ ತಪ್ಪಲಿಲ್ಲ. ಖಳನಾಗಿ, ಶಕುನಿಯಂಥ ಕುತಂತ್ರಿಯಾಗಿ, ಹಾಸ್ಯಗಾರನಾಗಿ ನೂರಾರು ಪಾತ್ರ ಮಾಡಿದರು. ಬೆಂಗಳೂರಿನಲ್ಲಿ ಅಭಿಮಾನ್ ಸ್ಟುಡಿಯೊ ಕಟ್ಟಿದರು. ಕಿವುಡುತನ ಅವರ ಬದುಕಿನಲ್ಲಿತ್ತು, ಅವರ ಹಾಸ್ಯದ ಬಂಡವಾಳ ಆಗಿರಲಿಲ್ಲ.

ಇದೇ ವ್ಯತ್ಯಾಸವನ್ನು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕಾನೂನಿನ ಮಾತಿನಲ್ಲಿ ಹೇಳಿತು. ಒಂದು ಹಿಂದಿ ಚಿತ್ರದಲ್ಲಿ ಅಂಗವಿಕಲರನ್ನು ತೋರಿಸಿದ ರೀತಿಯ ಬಗ್ಗೆ ಬಂದ ಅರ್ಜಿ ಅದು. ಅಂಗವಿಕಲರನ್ನು ಕುಗ್ಗಿಸುವ ಹಾಸ್ಯ ಬೇರೆ, ಅಂಗವೈಕಲ್ಯವನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ ಅಂತ ನ್ಯಾಯಾಲಯ ವಿಂಗಡಿಸಿತು. ಚಿತ್ರ ಮಾಡುವವರಿಗೆ ಕೆಲವು ಮಾರ್ಗಸೂಚಿಗಳನ್ನೂ ಕೊಟ್ಟಿತು. 'ಮೊದಲು ಇದಕ್ಕೆಲ್ಲ ಯಾರೂ ಬೇಜಾರು ಮಾಡ್ಕೋತಿರಲಿಲ್ಲ' ಅನ್ನುವವರಿದ್ದಾರೆ. ಬೇಜಾರು ಆಗಲೂ ಆಗುತ್ತಿತ್ತು. ಶಾಲೆಯಲ್ಲಿ ಸಿನಿಮಾದ ಪಾತ್ರದ ಹೆಸರಿಟ್ಟು ಕಿಚಾಯಿಸಿದಾಗ ಮನೆಗೆ ಬಂದು ಅತ್ತ ಮಕ್ಕಳು ಎಲ್ಲ ಬೀದಿಯಲ್ಲೂ ಇದ್ದರು. ಅವರಿಗೆ ಹೇಳಿಕೊಳ್ಳುವ ಜಾಗ ಇರಲಿಲ್ಲ. ಈಗ ಇದೆ. ಈ ವಿಷಯದಲ್ಲಿ ನಾನು ಪೂರ್ತಿ ಮೊಮ್ಮಕ್ಕಳ ಪಕ್ಷ.

ಮೈಯಿಂದ ಮನೆಗೆ ಬಂದರೆ, 80 ಮತ್ತು 90ರ ದಶಕದ ಬೆಂಗಳೂರಿನ ನಗುವಿಗೆಲ್ಲ ಒಂದು ವಿಳಾಸ ಇತ್ತು. ವಠಾರ. ಒಂದೇ ಅಂಗಳದ ಸುತ್ತ ಸಾಲು ಮನೆ, ಹಂಚಿಕೊಂಡ ನಲ್ಲಿ, ಮೇಲಿನ ಮನೆಯಲ್ಲಿ ಓನರ್. 1990ರ 'ಗಣೇಶನ ಮದುವೆ' ಇಂಥ ವಠಾರದಲ್ಲೇ ನಡೆಯುವ ಕತೆ. ಬಾಡಿಗೆ ತಪ್ಪಿಸುವ ಹುಡುಗ, ಸಿಡುಕು ಮುದುಕ, ಗೋಡೆಯ ಆಚೆಯಿಂದ ಎಲ್ಲವನ್ನೂ ಕೇಳಿಸಿಕೊಳ್ಳುವ ನೆರೆಯವರು. ಕೆಲಸ ಸಿಗದ ಪದವೀಧರ ಆ ಕಾಲದ ದೊಡ್ಡ ಹಾಸ್ಯ ಪಾತ್ರ. ಟೆಲಿಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯೋದು, ಗ್ಯಾಸಿಗೆ ಸಾಲು ನಿಲ್ಲೋದು, ನಡುರಾತ್ರಿ ಎದ್ದು ನೀರು ಹಿಡಿಯೋದು ಜೋಕಿನ ಸರಕು.

ಆಮೇಲೆ ಐ.ಟಿ. ಕಂಪನಿಗಳು ಬಂದವು. ಜಾಗಕ್ಕೆ ಚಿನ್ನದ ಬೆಲೆ ಬಂತು. ವಠಾರಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದರು. 2011ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ 84 ಲಕ್ಷ ದಾಟಿತ್ತು. ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದ ಮೇಲೆ ಪಕ್ಕದ ಮನೆಯವರ ಜೋಕು ಎಲ್ಲಿಂದ ಬರಬೇಕು? 2000ನೇ ಇಸವಿಯ ಕೊನೆಯಲ್ಲಿ ಶುರುವಾದ ಈಟಿವಿ ಕನ್ನಡ ವಾಹಿನಿಯ 'ಪಾಪ ಪಾಂಡು', 'ಸಿಲ್ಲಿ ಲಲ್ಲಿ' ಧಾರಾವಾಹಿಗಳಲ್ಲಿ ಆ ನೆರೆಹೊರೆ ಇನ್ನೂ ಸ್ವಲ್ಪ ಉಳಿದಿತ್ತು. ಮನೆಮಂದಿಯೆಲ್ಲ ಒಂದೇ ಟಿವಿ ಮುಂದೆ ಕೂತು ಒಂದೇ ಹೊತ್ತಿಗೆ ನಕ್ಕ ಕೊನೆಯ ದಿನಗಳು ಬಹುಶಃ ಅವೇ. ಈಗಿನ ಹುಡುಗರ ಜೋಕಿನಲ್ಲಿ ಬರುವುದು ಸಿಲ್ಕ್ ಬೋರ್ಡ್ ಟ್ರಾಫಿಕ್ಕು, ಹತ್ತು ತಿಂಗಳ ಅಡ್ವಾನ್ಸು, ಮೀಟರ್ ಹಾಕದ ಆಟೊ, ಪಿ.ಜಿ. ಊಟ, 'ಕನ್ನಡ್ ಗೊತ್ತಿಲ್ಲ'. ತಾತನಿಗೆ ಇದು ಹತ್ತದೇ ಇರುವುದು ಸಹಜ. ಅವರು ಪಿ.ಜಿ.ಯಲ್ಲಿ ಉಂಡಿಲ್ಲ.

ಇದರ ಜತೆಗೆ ಅಷ್ಟಾಗಿ ಯಾರೂ ಗಮನಿಸದ ಒಂದು ಬದಲಾವಣೆ ನಡೆಯಿತು, ನುಡಿಯ ಬದಲಾವಣೆ. ಬೆಂಗಳೂರು, ಮೈಸೂರು ಕಡೆಯವರು ಮಾಡಿದ ಚಿತ್ರಗಳಲ್ಲಿ ಹುಬ್ಬಳ್ಳಿ ಕಡೆಯ ಮಾತು, ಮಂಗಳೂರು ಭಟ್ಟರ ಮಾತು ಬಂದರೆ ಅದು ನಗಿಸೋಕೇ ಬಂದದ್ದು. ಆ ಕಡೆಯವರು ತೆರೆಯ ಮೇಲೆ ಬೇರೆ ಯಾವುದಕ್ಕೂ ಇರಲಿಲ್ಲ. ಹಾಸ್ಯೋತ್ಸವಗಳ ಕಾಲ ಬಂದಾಗ ಗಂಗಾವತಿಯ ಪ್ರಾಣೇಶ್ ಬೆಂಗಳೂರಿನ ವೇದಿಕೆ ಮೇಲೆ ನಿಂತು ತಮ್ಮ ಊರಿನ ಮಾತಲ್ಲೇ ಗಂಟೆಗಟ್ಟಲೆ ಮಾತಾಡಿದರು. ಬೀಚಿಯನ್ನು ಓದಿ ಬೆಳೆದವರು ಅವರು. ಬೆಂಗಳೂರಿನವರ ನಡವಳಿಕೆಯೇ ಅಲ್ಲಿ ಜೋಕಾಯಿತು. ಪ್ರೊ. ಕೃಷ್ಣೇಗೌಡರು ಮೈಸೂರು ಸೀಮೆಯ ಗ್ರಾಮೀಣ ಮಾತನ್ನು ತಂದರು. ಸುಧಾ ಬರಗೂರು ಅದೇ ವೇದಿಕೆಯಲ್ಲಿ ಹೆಂಗಸಿನ ಧ್ವನಿಯಾದರು. 2016ರಲ್ಲಿ ಜೀ ಕನ್ನಡದಲ್ಲಿ 'ಕಾಮಿಡಿ ಕಿಲಾಡಿಗಳು' ಶುರುವಾದಾಗ ಹಳ್ಳಿ ಹಳ್ಳಿಯಿಂದ, ರಂಗತಂಡಗಳಿಂದ ಬಂದ ಹುಡುಗ ಹುಡುಗಿಯರು ತಮ್ಮ ತಮ್ಮ ಕನ್ನಡವನ್ನೇ ಆಡಿ ಮನೆಮಾತಾದರು. ಅದರಲ್ಲಿ ಮೈ ನೋಡಿ ನಗುವ ಹಳೇ ಚಾಳಿ ಪೂರ್ತಿ ಹೋಗಿರಲಿಲ್ಲ ಅನ್ನೋದೂ ನಿಜ. ಆದರೆ ಯಾರ ನುಡಿಯನ್ನು ಆಡಿಕೊಂಡು ನಗುತ್ತಿದ್ದರೋ ಅವರ ಕೈಗೇ ಮೈಕು ಬಂದಿದ್ದು ನಮ್ಮ ಕಾಲದ ದೊಡ್ಡ ಗಳಿಕೆ.

ಮೈಕ್ ಹಿಡಿದ ಹುಡುಗರು

2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌.ಎಂ. ಕೇಂದ್ರ ಬೆಂಗಳೂರಿನಲ್ಲಿ ಶುರುವಾಯಿತು. ರೇಡಿಯೊದಲ್ಲಿ ಫೋನ್ ಮಾಡಿ ಬಕ್ರಾ ಮಾಡುವ ಕಾರ್ಯಕ್ರಮಗಳು ಬಂದವು. ಆ ಬಳಿಕ ಒಬ್ಬರೇ ಮೈಕ್ ಹಿಡಿದು ನಿಂತು ನಗಿಸುವ ಇಂಗ್ಲಿಷ್ ಸ್ಟ್ಯಾಂಡ್‌ಅಪ್ ಕ್ಲಬ್‌ಗಳು ಬಂದವು. ಅದೇ ಮಾದರಿಯನ್ನು 'ಲೋಲ್‌ಬಾಗ್' ಅನ್ನೋ ತಂಡದ ಹುಡುಗರು ಕನ್ನಡಕ್ಕೆ ತಂದರು. ಅನೂಪ್ ಮಯ್ಯ, ನಿರೂಪ್ ಮೋಹನ್, ಕಾರ್ತಿಕ್ ಪತ್ತಾರ್, ಪವನ್ ವೇಣುಗೋಪಾಲ್ ಇವರೆಲ್ಲ ತಮ್ಮ ಅಪ್ಪ ಅಮ್ಮ, ಇಂಜಿನಿಯರಿಂಗ್ ಕಾಲೇಜು, ಆಫೀಸು, ಕನ್ನಡ ಮೀಡಿಯಂ ಬಗ್ಗೆ ಮಾತಾಡಿದರು. ಹಾಸ್ಯೋತ್ಸವದ ಭಾಷಣಕಾರ ಊರಿನ ಕತೆ ಹೇಳುತ್ತಿದ್ದರು, ಇವರು ತಮ್ಮದೇ ಕತೆ ಹೇಳುತ್ತಾರೆ. ಬೇರೆಯವರನ್ನು ಕುಟುಕುವ ಬದಲು ತಮ್ಮನ್ನೇ ಮುಂದಿಟ್ಟುಕೊಳ್ಳುವುದು ಈ ಪೀಳಿಗೆಯ ಗುಣ.

2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು, ಕೆಲವೇ ದಿನಕ್ಕೆ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಲಾಕ್‌ಡೌನಿನಲ್ಲಿ ಮನೆಯಲ್ಲಿ ಕೂತ ಜನಕ್ಕೆ ಅದೇ ನಾಟಕ, ಅದೇ ಸಿನಿಮಾ. ಹಿರಣ್ಣಯ್ಯನವರ ಎರಡೂವರೆ ಗಂಟೆ ಅರ್ಧ ನಿಮಿಷಕ್ಕೆ ಇಳಿಯಿತು. ಕತೆ ಕಟ್ಟುತ್ತಾ ಹೋಗಿ ಕೊನೆಗೆ ನಗಿಸುವ ಪುರುಸೊತ್ತು ಇಲ್ಲಿ ಇಲ್ಲ. ಮೊದಲ ಮೂರು ಸೆಕೆಂಡಿನಲ್ಲೇ ಹಿಡಿಯಬೇಕು. ಹಾಗಾಗಿ ನೋಡುವವರಿಗೆ ಮೊದಲೇ ಗೊತ್ತಿರುವ ಸಿನಿಮಾ ತುಣುಕು, ಧ್ವನಿ, ಮುಖಭಾವವನ್ನು ಮತ್ತೆ ಬಳಸುತ್ತಾರೆ. ನರಸಿಂಹರಾಜು, ದ್ವಾರಕೀಶ್ ಅವರ ಮುಖಗಳು ಹುಡುಗರಿಗೆ ಪರಿಚಯವಾಗಿರುವುದು ಎಷ್ಟೋ ಸಲ ಹೀಗೇ, ಮೀಮಿನ ಮೂಲಕ. ಮೂಲ ಚಿತ್ರ ನೋಡಿಲ್ಲ ಅಂತ ಹಿರಿಯರು ಕೊರಗುವ ಅಗತ್ಯ ಇಲ್ಲ ಅನ್ನಿಸುತ್ತದೆ. ಮೀಮು ನೋಡಿ ಕುತೂಹಲಕ್ಕೆ ಪೂರ್ತಿ ಚಿತ್ರ ಹುಡುಕಿ ನೋಡುವ ಮಕ್ಕಳೂ ಇದ್ದಾರೆ.

ನನಗೆ ನಿಜವಾಗಿ ಚಿಂತೆ ಆಗುವುದು ಇನ್ನೊಂದು ಕಡೆ. ದುರ್ಬಲರ ವಿಷಯದಲ್ಲಿ ನಮ್ಮ ಹಾಸ್ಯ ಎಚ್ಚರ ಕಲಿತಿದೆ, ಅದು ಒಳ್ಳೆಯದೇ ಆಯಿತು. ಆದರೆ ಬಲಿಷ್ಠರ ವಿಷಯದಲ್ಲೂ ಅದು ಹೆದರಿಕೊಂಡಿದೆ. 2021ರ ನವೆಂಬರಿನಲ್ಲಿ ಸ್ಟ್ಯಾಂಡ್‌ಅಪ್ ಕಲಾವಿದ ಮುನವ್ವರ್ ಫಾರೂಕಿ ಅವರ ಕಾರ್ಯಕ್ರಮ ಬೆಂಗಳೂರಿನ ಗುಡ್ ಶೆಫರ್ಡ್ ಸಭಾಂಗಣದಲ್ಲಿ ನಡೆಯಬೇಕಿತ್ತು. ಕಾನೂನು ಸುವ್ಯವಸ್ಥೆಯ ಕಾರಣ ಕೊಟ್ಟು, ಅದನ್ನು ರದ್ದು ಮಾಡುವಂತೆ ಪೊಲೀಸರು ಸಂಘಟಕರಿಗೆ ತಿಳಿಸಿದರು. ಕಾರ್ಯಕ್ರಮ ನಡೆಯಲಿಲ್ಲ. ಕಲಾವಿದ ಯಾರು, ಅವರ ಮಾತು ಯಾರಿಗೆ ಹಿಡಿಸುತ್ತದೆ ಅನ್ನೋದು ಬೇರೆ ಚರ್ಚೆ. ಟಿಕೆಟ್ ಕೊಂಡ ಜನ ಒಂದು ಸಭಾಂಗಣದಲ್ಲಿ ಕೂತು ನಗಲಾಗಲಿಲ್ಲ ಅನ್ನೋದು ಈ ಊರಿನ ಹಾಸ್ಯದ ಇತಿಹಾಸದಲ್ಲಿ ಸಣ್ಣ ಸಂಗತಿ ಅಲ್ಲ.

ಕ್ಯಾಸೆಟ್ ಕಾಲದಲ್ಲಿ ಆಡಿದ ಮಾತು ಕೇಳುವವನ ಮನೆಯಲ್ಲೇ ಉಳಿಯುತ್ತಿತ್ತು. ಈಗ ಹತ್ತು ಸೆಕೆಂಡಿನ ತುಣುಕು ಕತ್ತರಿಸಿ ಹಿಂದು ಮುಂದು ಇಲ್ಲದೆ ಊರೆಲ್ಲ ಹಂಚಬಹುದು. ಸಂಜೆ ಆಡಿದ ಮಾತಿಗೆ ಬೆಳಗ್ಗೆ ಠಾಣೆಯಲ್ಲಿ ದೂರು ಬಿದ್ದಿರಬಹುದು. ಹೊಸ ಹುಡುಗರು ಇದನ್ನು ನೋಡಿಯೇ ಬೆಳೆದಿದ್ದಾರೆ. ಅದಕ್ಕೇ ಅವರು ಸಿಲ್ಕ್ ಬೋರ್ಡಿನ ಬಗ್ಗೆ ಎಷ್ಟು ಬೇಕಾದರೂ ನಗಿಸುತ್ತಾರೆ, ಆ ಟ್ರಾಫಿಕ್ಕಿಗೆ ಕಾರಣರಾದವರ ಹೆಸರು ಹೇಳುವುದಿಲ್ಲ. ದಾನಿಶ್ ಸೇಠ್ ಮಾಡಿದ ರಾಜಕಾರಣಿ ನೊಗ್ರಾಜ್ ಪಾತ್ರ ಎಲ್ಲರಿಗೂ ಗೊತ್ತು. 2018ರಲ್ಲಿ ಅದು ಸಿನಿಮಾವೂ ಆಯಿತು. ಒಳ್ಳೆಯ ಪಾತ್ರ, ನಾನೂ ನಕ್ಕಿದ್ದೇನೆ. ಆದರೆ ನೊಗ್ರಾಜ್ ಕಲ್ಪನೆಯ ಮನುಷ್ಯ. 'ಗುಂ' ಆ ಹೊತ್ತಿನಲ್ಲಿ ವಿಧಾನಸೌಧದಲ್ಲಿ ಕೂತಿದ್ದ ಮುಖ್ಯಮಂತ್ರಿ.